ದುಬೈಯಿಂದ ಬಜ್ಪೆಗೆ: ಮೃತದೇಹ ಊರಿಗೆ ಕಳಿಸುವ ಕೆಲಸ

ಯಾರೋ ತೀರಿಕೊಂಡರು ಅಂತ ಫೋನ್ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, "ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ?" ಆ ಹೊತ್ತಿನಲ್ಲಿ ಇದು ಒರಟಾಗಿ ಕೇಳಿಸುತ್ತದೆ, ಗೊತ್ತು. ಆದರೆ ವಿಮಾನ ಸಿಗದೆ ತಡವಾಗುವುದು ಕಮ್ಮಿ. ಕಾಗದ ಸಿಗದೆ ತಡವಾಗುವುದೇ ಜಾಸ್ತಿ.

ನಾನು ದುಬೈಯಲ್ಲಿ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವನು, ಊರು ಉಡುಪಿ ಕಡೆ. ಇದು ನನ್ನ ಉದ್ಯೋಗ ಅಲ್ಲ. ಗೆಳೆಯರೊಬ್ಬರ ಮನೆಯವರಿಗೆ ಓಡಾಡಿ ಕೊಟ್ಟೆ, ಆಮೇಲೆ ನನ್ನ ನಂಬರ್ ಒಬ್ಬರಿಂದ ಒಬ್ಬರಿಗೆ ಹೋಯಿತು.

ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ದಾರಿ ಸ್ವಲ್ಪ ಸುಲಭ. ಸಾವಿನ ಬಗ್ಗೆ ಆಸ್ಪತ್ರೆಯವರೇ ಬರೆದು ಕೊಡುತ್ತಾರೆ. ರೂಮಿನಲ್ಲೋ ಲೇಬರ್ ಕ್ಯಾಂಪಿನಲ್ಲೋ ಮಲಗಿದಲ್ಲೇ ಹೋದರೆ ಪೊಲೀಸರು ಬರುತ್ತಾರೆ, ದೇಹ ಶವಾಗಾರಕ್ಕೆ ಹೋಗುತ್ತದೆ. ಅಪಘಾತ ಅಥವಾ ಆತ್ಮಹತ್ಯೆಯಾದರೆ ತನಿಖೆ ಮುಗಿದು ಒಪ್ಪಿಗೆ ಬರುವವರೆಗೆ ಕಾಯಬೇಕು. ಇಲ್ಲಿ ಯಾರ ಶಿಫಾರಸೂ ನಡೆಯುವುದಿಲ್ಲ. "ಯಾವ ದಿನ ಬರುತ್ತದೆ?" ಅಂತ ಊರಿನಿಂದ ಕೇಳುತ್ತಲೇ ಇರುತ್ತಾರೆ. ಪೊಲೀಸರ ಕಾಗದ ಕೈಗೆ ಬರುವ ತನಕ ನಾನು ದಿನ ಹೇಳುವುದಿಲ್ಲ. ಹೇಳಿದರೆ ಅಲ್ಲಿ ಚಪ್ಪರ ಹಾಕಿ, ನೆಂಟರನ್ನೆಲ್ಲ ಕರೆಸಿಬಿಡುತ್ತಾರೆ.

ಪೊಲೀಸರ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಬಂದ ಮೇಲೆ ಮರಣ ಪ್ರಮಾಣಪತ್ರ. ಆಮೇಲೆ ವೀಸಾ ರದ್ದು. ಭಾರತದ ಕಾನ್ಸುಲೇಟಿನಲ್ಲಿ ಸಾವಿನ ನೋಂದಣಿ ಮಾಡಿಸಿ, ಪಾಸ್‌ಪೋರ್ಟ್ ರದ್ದು ಮಾಡಿಸಿ, ದೇಹ ಕಳಿಸಲು ಅವರ ಎನ್‌ಒಸಿ ಪಡೆಯಬೇಕು. ನಂತರ ಕಾರ್ಗೋ ಬುಕಿಂಗ್, ಎಂಬಾಮಿಂಗ್, ಅಂದರೆ ದೇಹ ಕೆಡದಂತೆ ಔಷಧ ಹಾಕುವುದು. ದುಬೈಯಲ್ಲಿ ಎಂಬಾಮಿಂಗ್ ಆಗುವುದು ಮುಹೈಸಿನಾದಲ್ಲಿ. ಆ ಜಾಗವನ್ನೇ ಸೋನಾಪುರ ಅಂದರೆ ನಮ್ಮವರಿಗೆಲ್ಲ ಗೊತ್ತು. ಗೆಳೆಯರು, ರೂಮಿನವರು ಕೊನೆಯ ಸಲ ಮುಖ ನೋಡುವುದೂ ಅಲ್ಲೇ. ಒಂದು ಕಾಗದ ತಪ್ಪಿದರೆ ಮುಂದಿನದು ನಿಂತುಬಿಡುತ್ತದೆ. 2022ರಿಂದ ಇಲ್ಲಿ ವಾರದ ರಜೆ ಶನಿವಾರ, ಭಾನುವಾರ, ಶುಕ್ರವಾರ ಅರ್ಧ ದಿನ. ಗುರುವಾರ ಸಂಜೆ ಫೋನ್ ಬಂದರೆ ನನಗೆ ಆಗಲೇ ತಲೆಬಿಸಿ ಶುರು.

ಕಾಗದಕ್ಕಿಂತ ಕಷ್ಟ ಇನ್ನೊಂದಿದೆ. ಮನೆಯವರ ಪರವಾಗಿ ಯಾರು ಮಾತಾಡುವುದು? ಒಂದು ಸಲ ತೀರಿಕೊಂಡವರ ಹೆಂಡತಿ, ದೇಹ ಮನೆಗೆ ಬರಲೇಬೇಕು ಅಂದರು. ತೀರಿಕೊಂಡವರ ಅಣ್ಣ ಮಾತ್ರ, ಇಲ್ಲೇ ದಹನ ಮಾಡಿ ಅಸ್ಥಿ ಕಳಿಸಿ ಅಂದರು. ಜೆಬೆಲ್ ಅಲಿಯಲ್ಲಿ ಹಿಂದೂಗಳ ದಹನಕ್ಕೆ ವ್ಯವಸ್ಥೆ ಇದೆ, ಆದ್ದರಿಂದ ಅಣ್ಣನ ಮಾತು ತೆಗೆದುಹಾಕುವಂಥದ್ದಲ್ಲ. ಇಬ್ಬರೂ ಬೇರೆ ಬೇರೆಯಾಗಿ ಫೋನ್ ಮಾಡಿ ಅಳುತ್ತಿದ್ದರು. ನಾನು ಹೇಳಿದೆ: "ಅಕ್ಕಾ, ನಿಮ್ಮ ಭಾವನ ಹತ್ತಿರ ಒಮ್ಮೆ ಕೂತು ಮಾತಾಡಿ. ಆಮೇಲೆ ನೀವೇ ನಂಗೆ ಫೋನ್ ಮಾಡಿ, ಬೇರೆ ಯಾರೂ ಬೇಡ." ಆ ರಾತ್ರಿಯೇ ಅಕ್ಕನ ಸಹಿ ಹಾಕಿದ ಒಪ್ಪಿಗೆ ಪತ್ರ ವಾಟ್ಸ್ಆ್ಯಪ್‌ನಲ್ಲಿ ಬಂತು, ಮರುದಿನ ನೋಟರಿ ಮಾಡಿಸಿದ್ದೂ ಬಂತು. ಅವತ್ತಿನಿಂದ ಎಲ್ಲಾ ಮನೆಯವರಿಗೂ ಇದನ್ನೇ ಹೇಳುತ್ತೇನೆ. ಹತ್ತಿರದ ರಕ್ತಸಂಬಂಧಿ ಅಥವಾ ಗಂಡ, ಹೆಂಡತಿ, ಒಬ್ಬರೇ ಸಹಿ, ಒಬ್ಬರೇ ಫೋನ್.

ಹೆಸರಿನ ಅಕ್ಷರಗಳನ್ನೂ ಮೊದಲೇ ನೋಡಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಆಸ್ಪತ್ರೆಯ ಚೀಟಿಯಲ್ಲಿ ಇರುವುದಿಲ್ಲ. ಪ್ರಮಾಣಪತ್ರ ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ರಗಳೆ.

ಖರ್ಚಿನ ಮಾತು. ಮೊದಲು ಪೆಟ್ಟಿಗೆಯನ್ನು ತೂಕಕ್ಕಿಟ್ಟು ಕಿಲೋ ಲೆಕ್ಕದಲ್ಲಿ ಹಣ ಕೇಳುತ್ತಿದ್ದರು. ನೋಡಲಿಕ್ಕಾಗದ ಕೆಲಸ ಅದು. 2019ರ ಜನವರಿಯಲ್ಲಿ ಏರ್ ಇಂಡಿಯಾ ತೂಕ ಬಿಟ್ಟು ದೊಡ್ಡವರಿಗೆ 1,500 ದಿರ್ಹಮ್, 12 ವರ್ಷದೊಳಗಿನ ಮಕ್ಕಳಿಗೆ 750 ಅಂತ ಮಾಡಿತು. ಈಗಿನ ದರ ಬುಕ್ ಮಾಡುವಾಗ ಕೇಳಿಕೊಳ್ಳಿ. ಕೆಲಸಗಾರ ತೀರಿಕೊಂಡರೆ, ಮನೆಯವರು ಕೇಳಿದಾಗ ದೇಹ ಊರಿಗೆ ಕಳಿಸುವ ಖರ್ಚು ಕಂಪನಿಯದ್ದೇ ಅಂತ ಇಲ್ಲಿನ 2021ರ ಕಾರ್ಮಿಕ ಕಾನೂನು ಹೇಳುತ್ತದೆ. ಆದ್ದರಿಂದ ಚಂದಾ ಎತ್ತುವ ಮೊದಲು ಕಂಪನಿಯ ಎಚ್‌ಆರ್‌ಗೆ ಒಂದು ಇಮೇಲ್ ಹಾಕಿಸಿ. ಕಂಪನಿಯೇ ಇಲ್ಲ, ವೀಸಾ ಮುಗಿದಿದೆ, ಕೈಯಲ್ಲಿ ಕಾಸಿಲ್ಲ ಅನ್ನುವವರಿಗೆ ಕಾನ್ಸುಲೇಟಿನಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, 2009ರಲ್ಲಿ ಶುರುವಾದದ್ದು. ಎಲ್ಲರಿಗೂ ಸಿಗುವುದಿಲ್ಲ, ನಿಜವಾಗಿ ಕಷ್ಟದಲ್ಲಿದ್ದವರಿಗೆ. "ಎಲ್ಲಾ ನಾವೇ ನೋಡ್ಕೊಳ್ತೇವೆ" ಅಂತ ಆಸ್ಪತ್ರೆ ಬಾಗಿಲಲ್ಲೇ ಹಿಡಿಯುವ ಏಜೆಂಟರೂ ಇದ್ದಾರೆ. ಪ್ರತಿಯೊಂದಕ್ಕೂ ರಸೀದಿ ಕೇಳಿ, ಅರ್ಧ ಜನ ಅಲ್ಲೇ ಜಾಗ ಖಾಲಿ ಮಾಡುತ್ತಾರೆ. ಸುಮ್ನೆ ಮಾಹಿತಿ ಬೇಕಿದ್ದರೂ 800 46342ಕ್ಕೆ ಫೋನ್ ಮಾಡಬಹುದು. ಅದು ಕಾನ್ಸುಲೇಟಿನ ಸಹಾಯ ಕೇಂದ್ರದ್ದು.

ಊರಿನಲ್ಲಿ ಕಾಯುವವರಿಗೆ ಒಂದು ಮಾತು. ಬಜ್ಪೆಯಲ್ಲಿ, ಅಂದರೆ ಮಂಗಳೂರು ವಿಮಾನ ನಿಲ್ದಾಣದಲ್ಲಿ, ಪ್ರಯಾಣಿಕರು ಹೊರಬರುವ ಬಾಗಿಲಲ್ಲಿ ನಿಲ್ಲಬೇಡಿ. ದೇಹ ಬರುವುದು ಕಾರ್ಗೋದಲ್ಲಿ. ತೆಗೆದುಕೊಳ್ಳುವವರ ಹೆಸರು, ಗುರುತಿನ ಚೀಟಿಯ ಪ್ರತಿ ಮೊದಲೇ ನಮಗೆ ಕಳಿಸಬೇಕು, ಅವರೇ ಮೂಲ ಚೀಟಿ ಹಿಡಿದು ಬರಬೇಕು. ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಯ ಅನುಮತಿಯೂ ಬೇಕು. 2023ರಿಂದ ಇದಕ್ಕೆ ಇ-ಕೇರ್ ಅನ್ನುವ ಆನ್‌ಲೈನ್ ವ್ಯವಸ್ಥೆ ಬಂದಿದೆ. ಮರಣ ಪ್ರಮಾಣಪತ್ರ, ಎಂಬಾಮಿಂಗ್ ಪ್ರಮಾಣಪತ್ರ, ಕಾನ್ಸುಲೇಟಿನ ಎನ್‌ಒಸಿ, ರದ್ದಾದ ಪಾಸ್‌ಪೋರ್ಟಿನ ಪ್ರತಿ, ಇವೆಲ್ಲ ಫೋನಿನಲ್ಲೂ ಇರಲಿ, ಕೈಯಲ್ಲೂ ಇರಲಿ. ಪೋಸ್ಟ್ ಮಾರ್ಟಮ್ ಆಗಿದ್ದರೆ ಮನೆಯ ಒಬ್ಬ ಗಂಡಾಳಿಗೋ ಗಟ್ಟಿ ಮನಸ್ಸಿನವರಿಗೋ ನಾನು ಮೊದಲೇ ಹೇಳಿಬಿಡುತ್ತೇನೆ. ಸ್ನಾನ ಮಾಡಿಸಲು ಪೆಟ್ಟಿಗೆ ತೆರೆದಾಗ ತಾಯಿಗೆ ಗೊತ್ತಾಗುವುದಕ್ಕಿಂತ ಅದು ಮೇಲು.

ಕಾರ್ಯ ಎಲ್ಲ ಮುಗಿದ ಮೇಲೆ ಬಾಕಿ ಸಂಬಳ, ಗ್ರಾಚ್ಯುಟಿಯ ವಿಷಯ. ಸಾವಿನ ವಿಷಯ ತಿಳಿದ 10 ದಿನದೊಳಗೆ ಕಂಪನಿ ಕೊಡಬೇಕು ಅಂತ ಇಲ್ಲಿನ ಅದೇ ಕಾರ್ಮಿಕ ಕಾನೂನಿನಲ್ಲಿದೆ. ಎಮಿಗ್ರೇಷನ್ ಕ್ಲಿಯರೆನ್ಸ್ (ವಿದೇಶದ ಕೆಲಸಕ್ಕೆ ಹೋಗಲು ಭಾರತ ಸರ್ಕಾರದ ಅನುಮತಿ) ಪಡೆದು ಬಂದ ಕೆಲಸಗಾರ ಅಪಘಾತದಲ್ಲಿ ಹೋಗಿದ್ದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ಇದೆಯಾ ನೋಡಿ. ಪಾಲಿಸಿ ಇದ್ದದ್ದೇ ಎಷ್ಟೋ ಮನೆಯವರಿಗೆ ಗೊತ್ತಿರುವುದಿಲ್ಲ. ಹೇಗೂ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ ಇಡಿ, ಹಣ ಕೊಡುವವರು ವಾರಸುದಾರರು ಯಾರು ಅಂತ ಕೇಳಿಯೇ ಕೇಳುತ್ತಾರೆ.