ಆಕ್ಟೋಬರ್‌ಫೆಸ್ಟ್ ಟೈಮಲ್ಲಿ ಕಮ್ಮಿ ದುಡ್ಡಿಗೆ ಉಳ್ಕೊಳ್ಳೋ ಜಾಗ: ನಾನು ಮಾಡೋದು ಹೀಗೆ

ಮೊದ್ಲೇ ಹೇಳ್ಬಿಡ್ತೀನಿ, ಮ್ಯೂನಿಕ್‌ನ ಈ ಬಿಯರ್ ಹಬ್ಬ ನಡೆಯೋ ಮೈದಾನದ ಹತ್ರ ರೂಮ್ ಹುಡುಕೋಕೆ ಹೋಗ್ಬೇಡಿ, ರೈಲು ಎಲ್ಲಿಗೆ ಹೋಗತ್ತೆ ಅಂತ ನೋಡಿ ಅಲ್ಲಿ ಹುಡುಕಿ. ನಾನು ಕೆಲಸ ಮಾಡೋದು ಸ್ಟುಟ್‌ಗಾರ್ಟ್‌ನಲ್ಲಿ, ಹೆಚ್ಚುಕಮ್ಮಿ ಪ್ರತಿ ವರ್ಷ ಮ್ಯೂನಿಕ್‌ಗೆ ಹೋಗ್ತೀನಿ, ಒಬ್ನೇ ಹೋಗಿದೀನಿ, ಆಫೀಸ್ ಹುಡುಗ್ರ ಜೊತೆ ಹೋಗಿದೀನಿ, ಊರಿಂದ ಬಂದ ಅಕ್ಕ ಭಾವ ಮಕ್ಕಳನ್ನೂ ಕರ್ಕೊಂಡು ಹೋಗಿದೀನಿ, ಪ್ರತಿ ಸಲನೂ ರೂಮ್ ಹುಡುಕೋ ಕೆಲಸ ನಂದೇ. ಬೆಂಗಳೂರಿಂದ ಫೋನ್ ಮಾಡೋರೆಲ್ಲ ಕೇಳೋದು ಒಂದೇ, ತೆರೇಸಿಯನ್‌ವೀಸ ಅನ್ನೋ ಆ ಮೈದಾನದ ಪಕ್ಕದಲ್ಲಿ ಯಾವ ಹೋಟೆಲ್ ಚೀಪು ಅಂತ. ಯಾವ್ದೂ ಇಲ್ಲ. 2024ರಲ್ಲಿ ಆ ಎರಡು ವಾರ ಚಿಲ್ರೆ ದಿನದಲ್ಲಿ 67 ಲಕ್ಷ ಜನ ಆ ಒಂದು ಮೈದಾನಕ್ಕೆ ಬಂದು ಹೋದ್ರು. ಅಷ್ಟು ಜನಕ್ಕೆ ಊರೊಳಗೆ ಹಾಸಿಗೆ ಎಲ್ಲಿಂದ ಬರ್ಬೇಕು, ರೇಟು ಎರಡು ಮೂರು ಪಟ್ಟು ಆಗೇ ಆಗತ್ತೆ. ಸ್ಟೇಷನ್ ಹತ್ರದ ಹಾಸ್ಟೆಲ್‌ಗಳಲ್ಲಿ ಎಂಟು ಜನ ಮಲಗೋ ಡಾರ್ಮಲ್ಲಿ ಒಂದು ಬೆಡ್ಡಿಗೆ 100 ಯೂರೋ ದಾಟಿದ್ದನ್ನ ಕಣ್ಣಾರೆ ನೋಡಿದೀನಿ, ಅದೇ ಬೆಡ್ಡು ನವೆಂಬರ್‌ನಲ್ಲಿ ಹೋದ್ರೆ ಅದರ ಕಾಲು ಭಾಗಕ್ಕೆ ಸಿಗತ್ತೆ.

ಅದಕ್ಕೇ ನಾನು ನನ್ನನ್ನ ಕೇಳ್ಕೊಳ್ಳೋ ಪ್ರಶ್ನೆ ಬೇರೆ. ರಾತ್ರಿ 10:30ಕ್ಕೆ ಬಿಯರ್ ಕೊಡೋದು ನಿಲ್ಲಿಸ್ತಾರೆ, 11:30ಕ್ಕೆ ದೊಡ್ಡ ಬಿಯರ್ ಟೆಂಟುಗಳು ಮುಚ್ಚತ್ವೆ, ಆಮೇಲೆ ಎಲ್ಲೂ ಬದಲಾಯಿಸದೆ ಒಂದೇ ರೈಲಲ್ಲಿ ಕೂತು ಮಲಗೋ ಜಾಗಕ್ಕೆ ಹೋಗ್ಬೋದಾ? ಹೌದು ಅಂದ್ರೆ ಆ ಜಾಗ 60 ಕಿಲೋಮೀಟರ್ ದೂರ ಇದ್ರೂ ನನಗೆ ಹತ್ರನೇ. ಮ್ಯೂನಿಕ್ ಒಳಗೇ ಇದ್ದು ಎರಡು ಸಲ ಬಸ್ ಬದಲಾಯಿಸ್ಬೇಕು ಅಂದ್ರೆ ಅದು ದೂರ.

ಇನ್ನು ತಾರೀಖು. ಅನೌನ್ಸ್ ಮಾಡ್ಲಿ ಅಂತ ಕಾಯ್ಬೇಕಾಗಿಲ್ಲ, ಲೆಕ್ಕ ಹಾಕ್ಬೋದು, ಸೆಪ್ಟೆಂಬರ್ 15 ಆದ್ಮೇಲೆ ಬರೋ ಶನಿವಾರ ಶುರು, ಸಾಮಾನ್ಯವಾಗಿ ಅಕ್ಟೋಬರ್ ಮೊದಲನೇ ಭಾನುವಾರ ಮುಗಿಯತ್ತೆ. 2026ರಲ್ಲಿ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4. ಇದರಲ್ಲಿ ಮೂರು ವೀಕೆಂಡ್ ಬಿಟ್ಬಿಡಿ, ಮೊದಲನೇದು ಉದ್ಘಾಟನೆ, ಮೇಯರ್ ಬಂದು ಪೀಪಾಯಿ ಒಡೆಯೋದು, ನಡುವಿನದು ಇಟಲಿಯವರ ವೀಕೆಂಡ್ ಅಂತಲೇ ಹೆಸರು, ಆಲ್ಪ್ಸ್ ದಾಟ್ಕೊಂಡು ಕಾರು ಬಸ್ಸು ತುಂಬಾ ಬರ್ತಾರೆ, ಕೊನೇದು ಅಕ್ಟೋಬರ್ 3ರ ಜರ್ಮನಿ ರಾಷ್ಟ್ರೀಯ ರಜೆಗೆ ಅಂಟ್ಕೊಂಡಿರತ್ತೆ. 2025ರ ನಡು ವೀಕೆಂಡ್ ಶನಿವಾರ ಜನ ಎಷ್ಟು ಸೇರಿದ್ರು ಅಂದ್ರೆ ಸ್ವಲ್ಪ ಹೊತ್ತು ಇಡೀ ಮೈದಾನಕ್ಕೇ ಹೊಸಬರನ್ನ ಬಿಡೋದು ನಿಲ್ಲಿಸಿದ್ರು. ಸೋಮವಾರದಿಂದ ಬುಧವಾರ ಹೋದ್ರೆ ರೂಮಿನ ರೇಟೂ ಇಳಿಯತ್ತೆ, ಟೆಂಟ್ ಒಳಗೆ ಮಧ್ಯಾಹ್ನದ ಹೊತ್ತಿಗೆ ರಿಸರ್ವೇಷನ್ ಇಲ್ಲದೆ ಬೆಂಚೂ ಸಿಗತ್ತೆ. ದಿನ ಬದಲಾಯಿಸಿದ್ರೆ ಉಳಿಯೋಷ್ಟು ದುಡ್ಡು ಹೋಟೆಲ್ ಬದಲಾಯಿಸಿದ್ರೂ ಉಳಿಯಲ್ಲ, ಇದನ್ನ ನಾನು ಎಲ್ರಿಗೂ ಬಾಯಿ ನೋಯೋವರೆಗೂ ಹೇಳ್ತೀನಿ.

ಬುಕಿಂಗ್ ನಾನು ಹೊಸ ವರ್ಷದ ಆಸುಪಾಸಲ್ಲೇ ಮಾಡ್ಬಿಡ್ತೀನಿ, ಆದ್ರೆ ಫ್ರೀ ಕ್ಯಾನ್ಸಲೇಷನ್ ಇರೋದು ಮಾತ್ರ. ಊರಿಂದ ಬರೋರಿಗೆ ಇದು ಇನ್ನೂ ಮುಖ್ಯ, ಶೆಂಗೆನ್ ವೀಸಾಗೆ ಎಲ್ಲಿ ಉಳ್ಕೋತೀರ ಅನ್ನೋದಕ್ಕೆ ಪೇಪರ್ ಬೇಕು, ಅಪಾಯಿಂಟ್‌ಮೆಂಟ್ ಸಿಗೋದು ತಡ ಆಗತ್ತೆ, ವೀಸಾ ಬಂದ್ಮೇಲೆ ರೂಮ್ ನೋಡ್ತೀನಿ ಅಂದ್ರೆ ಆಗಸ್ಟ್ ಆಗಿರತ್ತೆ, ಅಷ್ಟೊತ್ತಿಗೆ ಉಳಿದಿರೋದು ಬರೀ ದುಬಾರಿದು. ಹಾಗಂತ ಆಗಸ್ಟಲ್ಲಿ ನೋಡೋರು ಕೈ ಚೆಲ್ಲಿ ಕೂರ್ಬೇಕಾಗಿಲ್ಲ. ತುಂಬಾ ಜನ ಎರಡು ಮೂರು ಕಡೆ ಬುಕ್ ಮಾಡಿಟ್ಟಿರ್ತಾರೆ, ಫ್ರೀ ಕ್ಯಾನ್ಸಲ್ ಮಾಡೋ ಕೊನೇ ದಿನ ಹತ್ರ ಬಂದಾಗ ಒಂದೊಂದಾಗಿ ಬಿಡ್ತಾರೆ, ಸೆಪ್ಟೆಂಬರ್ ಮೊದಲನೇ ಎರಡನೇ ವಾರದಲ್ಲಿ ಬೆಳಗ್ಗೆ ಸಂಜೆ ಆಪ್ ತೆಗೆದು ನೋಡ್ತಾ ಇದ್ರೆ ಒಳ್ಳೆ ರೂಮುಗಳು ವಾಪಸ್ ಬರೋದು ಕಾಣತ್ತೆ. ಆಫೀಸ್ ಹುಡುಗ್ರ ಜೊತೆ ಹೋದಾಗ ಹಿಂಗೇ ಒಂದು ಒಳ್ಳೇದು ಸಿಕ್ತು.

ನನ್ನ ಮೊದಲನೇ ಆಯ್ಕೆ ಯಾವಾಗ್ಲೂ ಆಗ್ಸ್‌ಬರ್ಗ್. ಇದು ಬೇರೆನೇ ಊರು, ಮ್ಯೂನಿಕ್‌ನಿಂದ ಸುಮಾರು 60 ಕಿಲೋಮೀಟರ್, ರೀಜನಲ್ ರೈಲಲ್ಲಿ ಮುಕ್ಕಾಲು ಗಂಟೆ. ಅಲ್ಲೂ ಆ ಟೈಮಲ್ಲಿ ರೇಟ್ ಏರತ್ತೆ, ಆದ್ರೆ ಅಷ್ಟೊಂದಲ್ಲ, ವಾರದ ದಿನ ಇಬ್ರಿಗೆ ತಿಂಡಿ ಸೇರಿ 90 ಯೂರೋ ಒಳಗೆ ಸಣ್ಣ ಪೆನ್ಷನ್‌ಗಳಲ್ಲಿ ಉಳ್ಕೊಂಡಿದೀನಿ (ಪೆನ್ಷನ್ ಅಂದ್ರೆ ಇಲ್ಲಿ ಮನೆಯವರೇ ನಡೆಸೋ ಲಾಡ್ಜ್). ಟಿಕೆಟ್ಟಿಗೆ ಬಾಯರ್ನ್ ಟಿಕೆಟ್ ತಗೊಳ್ಳಿ, ಬವೇರಿಯಾ ರಾಜ್ಯದ ರೀಜನಲ್ ರೈಲುಗಳಿಗೆ ಒಂದು ದಿನದ್ದು, ಐದು ಜನದವರೆಗೂ ಒಂದರಲ್ಲೇ ಹೋಗ್ಬೋದು, ಜನ ಜಾಸ್ತಿ ಆದಷ್ಟೂ ತಲೆಗೆ ಬೀಳೋದು ಕಮ್ಮಿ, ಸ್ವಂತ ಮಕ್ಕಳಿಗೆ 14 ವರ್ಷದವರೆಗೆ ಫ್ರೀ, ಮ್ಯೂನಿಕ್ ಒಳಗಿನ ಮೆಟ್ರೋ ಟ್ರಾಮ್ ಬಸ್ಸಿಗೂ ಅದೇ ನಡೆಯತ್ತೆ. ವಾರದ ದಿನಗಳಲ್ಲಿ ಬೆಳಗ್ಗೆ 9ರಿಂದ ಮಾರನೇ ದಿನ ನಸುಕಿನ 3 ಗಂಟೆವರೆಗೆ, ಶನಿವಾರ ಭಾನುವಾರ ಆದ್ರೆ ಹಿಂದಿನ ರಾತ್ರಿ 12ರಿಂದಲೇ. ಟೆಂಟುಗಳು ತೆಗೆಯೋದು ವಾರದ ದಿನ 10ಕ್ಕೆ, ವೀಕೆಂಡಲ್ಲಿ 9ಕ್ಕೆ, ಅಂದ್ರೆ ಆಗ್ಸ್‌ಬರ್ಗ್‌ನಲ್ಲಿ ಆರಾಮಾಗಿ ತಿಂಡಿ ತಿಂದು 9ರ ಮೇಲಿನ ರೈಲು ಹತ್ತಿದ್ರೂ ಏನೂ ಕಳ್ಕೊಳ್ಳಲ್ಲ, ರಾತ್ರಿ ಟೆಂಟ್ ಮುಚ್ಚೋವರೆಗೆ ಕೂತು ಬಂದ್ರೂ ಟಿಕೆಟ್ ಜೀವಂತ ಇರತ್ತೆ. ಐಸಿಇ (ಫಾಸ್ಟ್ ಎಕ್ಸ್‌ಪ್ರೆಸ್ ರೈಲು) ಮಾತ್ರ ಹತ್ತಬೇಡಿ, ಈ ಟಿಕೆಟ್ ಅದರಲ್ಲಿ ನಡೆಯಲ್ಲ, ರಾತ್ರಿ ಹೊತ್ತು ಪ್ಲಾಟ್‌ಫಾರ್ಮಿಗೆ ಬಂದಿದ್ದೇ ಸಾಕು ಅಂತ ಹತ್ತಿ ಫೈನ್ ಕಟ್ಟಿದೋರನ್ನ ನೋಡಿದೀನಿ. ಇಲ್ಲೇ ಇರೋರ ಹತ್ರ ಡಾಯ್ಚ್‌ಲಾಂಡ್ ಟಿಕೆಟ್ (ದೇಶದ ಎಲ್ಲಾ ಲೋಕಲ್, ರೀಜನಲ್ ರೈಲಿಗೂ ನಡೆಯೋ ತಿಂಗಳ ಪಾಸು) ಇದ್ರೆ ಇದೂ ಬೇಡ.

ಆಗ್ಸ್‌ಬರ್ಗ್ ಬಗ್ಗೆ ಇನ್ನೊಂದು ಹೇಳ್ಲೇಬೇಕು, ಬೆಳಗ್ಗೆ ಟೈಮ್ ಇದ್ರೆ ಫುಗ್ಗರೈ ನೋಡ್ಕೊಂಡು ಹೋಗಿ. 1521ರಲ್ಲಿ ಯಾಕೋಬ್ ಫುಗ್ಗರ್ ಅನ್ನೋ ಸಾಹುಕಾರ ಊರಿನ ಬಡವರಿಗೆ ಅಂತ ಕಟ್ಟಿಸಿದ ಮನೆಗಳು, ಸಾಲಾಗಿ ಹಳದಿ ಗೋಡೆ, ಹಸಿರು ಕಿಟಕಿ ಬಾಗಿಲು, ಇವತ್ತಿಗೂ ಜನ ವಾಸ ಇದಾರೆ, ವರ್ಷದ ಬಾಡಿಗೆ 0.88 ಯೂರೋ ಮತ್ತೆ ದಿನಾ ಮೂರು ಪ್ರಾರ್ಥನೆ. ಮ್ಯೂನಿಕ್ ರೂಮ್ ರೇಟ್ ನೋಡಿ ತಲೆ ಕೆಟ್ಟಿದ್ದ ನಮ್ ಭಾವ ಆ ಓಣೀಲಿ ನಿಂತು ಗೈಡ್ ಬೋರ್ಡನ್ನ ಎರಡು ಸಲ ಓದಿದ್ರು.

ಆಗ್ಸ್‌ಬರ್ಗ್ ತುಂಬಿದ್ರೆ ಇನ್ನೊಂದು ದಾರಿ ಎಸ್-ಬಾನ್, ಅಂದ್ರೆ ಸಬರ್ಬನ್ ರೈಲಿನ ಲೈನ್‌ಗಳು. ಡಾಖಾವ್, ಫ್ರೈಸಿಂಗ್, ಎರ್ಡಿಂಗ್, ಫುರ್ಸ್ಟನ್‌ಫೆಲ್ಡ್‌ಬ್ರುಕ್, ಇವೆಲ್ಲ ಸಣ್ಣ ಊರುಗಳು, ಎಲ್ಲಾ ಕಡೆಯಿಂದ ಮ್ಯೂನಿಕ್ ಒಳಗೆ ನೇರ ರೈಲಿದೆ. ಇಲ್ಲಿ ಎಂವಿವಿಯ (ಮ್ಯೂನಿಕ್ ಸುತ್ತಮುತ್ತಲಿನ ಸಾರಿಗೆ ಸಂಸ್ಥೆ) ಗ್ರೂಪ್ ಡೇ ಟಿಕೆಟ್ ಸಾಕು, ಐದು ಜನಕ್ಕೆ ಒಂದು, ಮಾರನೇ ಬೆಳಗ್ಗೆ 6ರವರೆಗೂ ನಡೆಯತ್ತೆ. ಫ್ರೈಸಿಂಗ್ ಎರ್ಡಿಂಗ್ ಏರ್‌ಪೋರ್ಟ್ ಕಡೆಗೇ ಇರೋದ್ರಿಂದ ಬೆಂಗಳೂರಿಂದ ನೇರ ಮ್ಯೂನಿಕ್‌ಗೆ ಇಳಿಯೋರಿಗೆ ಚೆನ್ನಾಗಿ ಹೊಂದತ್ತೆ. ಲ್ಯಾಂಡ್ಸ್‌ಹೂಟ್, ಇಂಗೋಲ್‌ಸ್ಟಾಟ್, ರೋಸನ್‌ಹೈಮ್ ಕೂಡ ನೋಡ್ಬೋದು, ಆದ್ರೆ ರಾತ್ರಿಯ ಕೊನೇ ರೈಲು ಎಷ್ಟೊತ್ತಿಗೆ ಅಂತ ಡಿಬಿ (ಜರ್ಮನ್ ರೈಲ್ವೆ) ಆಪಲ್ಲಿ ನೀವು ಹೋಗೋ ತಾರೀಖನ್ನೇ ಹಾಕಿ ನೋಡಿ ಆಮೇಲೆ ರೂಮ್ ಬುಕ್ ಮಾಡಿ, ಹಳಿ ರಿಪೇರಿ ಇದ್ರೆ ರಾತ್ರಿ ರೈಲಿನ ಬದಲು ಬಸ್ ಬಿಟ್ಟಿರ್ತಾರೆ.

ಊರೊಳಗೇ ಇರ್ಬೇಕು, ದುಡ್ಡೂ ಕಮ್ಮಿ ಆಗ್ಬೇಕು ಅಂದ್ರೆ ಟೆಂಟ್ ಹಾಕ್ಕೊಳ್ಳಿ. ಒಬ್ನೇ ಹೋದಾಗ ನಾನು ಮಾಡೋದು ಇದೇ. ಥಾಲ್‌ಕಿರ್ಖನ್‌ನಲ್ಲಿ ಇಸಾರ್ ನದಿ ಪಕ್ಕ ಕ್ಯಾಂಪ್‌ಸೈಟ್ ಇದೆ, ಅಲ್ಲಿನ ಮೆಟ್ರೋ ಸ್ಟೇಷನ್ನಿಂದ ಯು3 ಹತ್ತಿದ್ರೆ ಮೂರನೇ ಸ್ಟಾಪು ಪೊಚ್ಚಿಸ್ಟ್ರಾಸ, ಅಲ್ಲಿಂದ ನಡ್ಕೊಂಡು ಮೈದಾನದ ಹಿಂಭಾಗಕ್ಕೆ ಹೋಗ್ಬೋದು. ಜಾಗ ಚೆಂದ, ಮರಗಳು, ನೀರಿನ ಸದ್ದು, ಆದ್ರೆ ಸೆಪ್ಟೆಂಬರ್ ಕೊನೇ ರಾತ್ರಿ ಚಳಿ ಸಾಮಾನ್ಯದ್ದಲ್ಲ, 5-6 ಡಿಗ್ರಿಗೆ ಇಳಿಯತ್ತೆ, ಬೆಳಗ್ಗೆ ಎದ್ದು ಜಿಪ್ ಎಳೆದ್ರೆ ಟೆಂಟಿನ ಮೇಲ್ಬಟ್ಟೆಯಿಂದ ಇಬ್ಬನಿ ಸಾಲಾಗಿ ಕತ್ತಿನ ಮೇಲೆ ಬೀಳತ್ತೆ, ಹೊರಗೆ ಬಿಟ್ಟಿದ್ದ ಶೂ ಒದ್ದೆಮುದ್ದೆ. ಹಾಗಾಗಿ ಚಳಿಗಾಲದ ಸ್ಲೀಪಿಂಗ್ ಬ್ಯಾಗು, ಅದರಡಿಗೆ ದಪ್ಪ ಮ್ಯಾಟು, ಇವೆರಡರಲ್ಲಿ ಮಾತ್ರ ಜುಗ್ಗತನ ಮಾಡ್ಬೇಡಿ, ಚಳಿ ಬರೋದು ನೆಲದಿಂದ. ರಾತ್ರಿ ಒಂದು ಗಂಟೆವರೆಗೂ ಹಾಡು ಕೂಗಾಟ ಇರತ್ತೆ, ನಿದ್ದೆ ಬೇಕು ಅನ್ನೋರು ಗೇಟು ಟಾಯ್ಲೆಟ್ಟಿಂದ ದೂರ ಬೇಲಿ ಕಡೆ ಜಾಗ ಕೇಳಿ. ಸ್ವಂತ ಟೆಂಟ್ ಇಲ್ಲದೋರಿಗೆ ಊರಿನ ಪಶ್ಚಿಮಕ್ಕೆ ಬಟಾನಿಕಲ್ ಗಾರ್ಡನ್ ಹತ್ರ ದಿ ಟೆಂಟ್ ಅಂತ ಇದೆ, 1972ರ ಒಲಿಂಪಿಕ್ಸ್ ಕಾಲದಿಂದ ನಡೀತಿರೋ ಯುವಕರ ಕ್ಯಾಂಪು, ದೊಡ್ಡ ಡೇರೆ ಒಳಗೆ ಸಾಲಾಗಿ ಮಲಗೋದು, ಕಂಬಳಿ ಅವರೇ ಕೊಡ್ತಾರೆ.

ಹಾಸ್ಟೆಲ್‌ಗಳ ಪೈಕಿ ನಾನು ನೋಡೋದು ಯೂತ್ ಹಾಸ್ಟೆಲ್ ಸಂಘದ್ದು, ನೊಯ್‌ಹೌಸನ್‌ನಲ್ಲಿ ಒಂದು, ಥಾಲ್‌ಕಿರ್ಖನ್‌ನಲ್ಲಿ ಇನ್ನೊಂದು. ಬೇಗ ತುಂಬತ್ತೆ. ಊರಲ್ಲಿ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಕಾರ್ಡ್ ಮಾಡಿಸ್ಕೊಂಡು ಬಂದ್ರೆ ಇಲ್ಲೂ ನಡೆಯತ್ತೆ.

ಮನೆ ಬಾಡಿಗೆಗೆ ಕೊಡೋರ ಬಗ್ಗೆ ಸ್ವಲ್ಪ ಎಚ್ಚರಿಕೆಯಿಂದ ಹೇಳ್ತೀನಿ. ಮ್ಯೂನಿಕ್‌ನಲ್ಲಿ ತಾವು ಇರೋ ಮನೆಯನ್ನ ವರ್ಷಕ್ಕೆ 8 ವಾರದವರೆಗೆ ಪ್ರವಾಸಿಗರಿಗೆ ಕೊಡೋಕೆ ಬೇರೆ ಪರ್ಮಿಷನ್ ಬೇಡ, ಅದರ ಮೇಲೆ ಆದ್ರೆ ಬೇಕು, ಹಾಗಾಗಿ ಎಷ್ಟೋ ಲೋಕಲ್ ಜನ ಈ ಗಲಾಟೆ ಟೈಮಲ್ಲಿ ಮನೆ ಕೊಟ್ಟು ತಾವು ಊರು ಬಿಡ್ತಾರೆ, ನಾಲ್ಕೈದು ಜನ ಸೇರಿದ್ರೆ ಇದು ಹೋಟೆಲಿಗಿಂತ ಗಿಟ್ಟತ್ತೆ, ಅಡುಗೆಮನೆನೂ ಸಿಗತ್ತೆ. ಆದ್ರೆ ಇದೇ ಟೈಮಲ್ಲಿ ಅಕ್ಟೋಬರ್ ಸೆಮಿಸ್ಟರ್‌ಗೆ ಬರೋ ಸ್ಟೂಡೆಂಟ್ಸೂ ರೂಮ್ ಹುಡುಕ್ತಿರ್ತಾರೆ, ಮೋಸ ಮಾಡೋರಿಗೆ ಹಬ್ಬ. ನಾನು ಯಾವುದೋ ದೇಶದಲ್ಲಿದೀನಿ, ಡೆಪಾಸಿಟ್ ಕಳ್ಸಿ, ಕೀ ಕೊರಿಯರ್ ಮಾಡ್ತೀನಿ ಅಂತ ಯಾರಾದ್ರೂ ಬರೆದ್ರೆ ಅಲ್ಲಿಗೇ ನಿಲ್ಲಿಸಿ. ಬುಕಿಂಗ್ ಆಪ್ ಬಿಟ್ಟು ಹೊರಗೆ ಬ್ಯಾಂಕ್ ಟ್ರಾನ್ಸ್‌ಫರ್ ಕೇಳಿದ್ರೂ ಅಷ್ಟೇ. ಕನ್ನಡದೋರ ವಾಟ್ಸಾಪ್ ಗ್ರೂಪ್‌ಗಳಲ್ಲಿ ರಜೆಗೆ ಊರಿಗೆ ಹೋಗೋರು ಮನೆ ಖಾಲಿ ಇದೆ ಅಂತ ಹಾಕ್ತಾರೆ, ಪರಿಚಯದ ಮೂಲಕ ಸಿಕ್ಕಿದ್ರೆ ಅದಕ್ಕಿಂತ ನೆಮ್ಮದಿ ಇನ್ನೊಂದಿಲ್ಲ, ಮನೆ ಓನರ್ ಒಪ್ಪಿಗೆ ಇದೆಯಾ ಅಂತ ಮಾತ್ರ ಕೇಳ್ಕೊಳ್ಳಿ.

ಲಗೇಜ್ ವಿಷಯ ರೂಮ್ ಬುಕ್ ಮಾಡೋವಾಗಲೇ ಯೋಚಿಸಿ. ಮೈದಾನದೊಳಗೆ 3 ಲೀಟರಿಗಿಂತ ದೊಡ್ಡ ಬ್ಯಾಗು ಬಿಡಲ್ಲ, ಅಂದ್ರೆ ಬೆನ್ನಿಗೆ ಹಾಕೋ ಸಾಮಾನ್ಯ ಬ್ಯಾಗೂ ಇಲ್ಲ. ಚೆಕ್ ಇನ್ ಮಧ್ಯಾಹ್ನ 3ಕ್ಕೆ ಇದ್ರೂ ಬೆಳಗ್ಗೆನೇ ಬ್ಯಾಗ್ ಇಟ್ಕೋತೀರಾ ಅಂತ ನಾನು ಮೊದಲೇ ಮೇಲ್ ಮಾಡಿ ಕೇಳ್ತೀನಿ, ಜೊತೆಗೆ ರಾತ್ರಿ 12ರ ಮೇಲೆ ಬಂದ್ರೆ ಬಾಗಿಲು ತೆಗೆಯೋದು ಹೇಗೆ ಅಂತನೂ. ಸಣ್ಣ ಪೆನ್ಷನ್‌ಗಳಲ್ಲಿ ರಾತ್ರಿ ರಿಸೆಪ್ಷನ್‌ನಲ್ಲಿ ಯಾರೂ ಇರಲ್ಲ, ಬಾಗಿಲ ಪಕ್ಕ ನಂಬರ್ ಒತ್ತೋ ಸಣ್ಣ ಪೆಟ್ಟಿಗೇಲಿ ಕೀ ಇಟ್ಟಿರ್ತಾರೆ.

ವಾಪಸ್ ಬರೋವಾಗ ತೆರೇಸಿಯನ್‌ವೀಸ ಮೆಟ್ರೋ ಸ್ಟೇಷನ್ ಕಡೆ ತಲೆನೂ ಹಾಕ್ಬೇಡಿ, ಜನ ಜಾಸ್ತಿ ಆದ್ರೆ ಅದರ ಬಾಗಿಲೇ ಮುಚ್ತಾರೆ. ಎಸ್-ಬಾನ್ ಸ್ಟೇಷನ್ ಇರೋ ಹಾಕರ್‌ಬ್ರೂಕ ಸೇತುವೆ ಮೇಲೂ ಇದೇ ಕಥೆ, ಹೆಜ್ಜೆ ಇಡೋಕೆ ಜಾಗ ಇರಲ್ಲ. ನಾನು ಕಾಲು ಗಂಟೆ ಇಪ್ಪತ್ತು ನಿಮಿಷ ನಡೆದು ಸೀದಾ ಮೇನ್ ಸ್ಟೇಷನ್ನಿಗೇ ಹೋಗ್ತೀನಿ. ಆಗ್ಸ್‌ಬರ್ಗ್ ರೈಲು ಹೊರಡೋದು ಅಲ್ಲಿಂದ್ಲೇ, ದಾರೀಲಿ ಸಿಗೋ ಪಾಸಿಂಗ್ ಸ್ಟೇಷನ್‌ನಲ್ಲಿ ಹತ್ತಿದ್ರೆ ನಿಂತೇ ಹೋಗ್ಬೇಕು. ಅಕ್ಕನ ಮನೆಯವರು ಬಂದಿದ್ದು 2025ರಲ್ಲಿ, ದಸರಾ ರಜೆ ಮತ್ತೆ ಫೆಸ್ಟು ಒಟ್ಟಿಗೆ ಬಿದ್ದಿತ್ತು, ಮಂಗಳವಾರ ಫ್ಯಾಮಿಲಿ ಡೇ ಅಂತ ಮಕ್ಕಳ ರೈಡುಗಳ ರೇಟ್ ಕಮ್ಮಿ ಇರತ್ತೆ, ಆ ದಿನವೇ ಹೋದ್ವಿ. 6 ವರ್ಷದೊಳಗಿನ ಮಕ್ಕಳು ರಾತ್ರಿ 8ರ ಮೇಲೆ ಟೆಂಟಲ್ಲಿ ಇರೋ ಹಾಗಿಲ್ಲ, ನಾವು ಏಳೂವರೆಗೇ ಎದ್ವಿ, ಆ ಹೊತ್ತಲ್ಲಿ ರೈಲಲ್ಲಿ ಎದುರು ಬದರು ಸೀಟು ಸಿಕ್ತು, ಕುಡಿದೋರ ಗದ್ದಲ ಇನ್ನೂ ಶುರುವಾಗಿರ್ಲಿಲ್ಲ, ಒಂಬತ್ತರೊಳಗೆ ಆಗ್ಸ್‌ಬರ್ಗ್‌ನಲ್ಲಿ ಅಕ್ಕ ಅನ್ನಕ್ಕೆ ಇಟ್ಟಿದ್ಲು. ಮಕ್ಕಳ ಜೊತೆ ಬರೋರು ಅಡುಗೆಮನೆ ಇರೋ ಅಪಾರ್ಟ್‌ಮೆಂಟನ್ನೇ ನೋಡಿ, ಒಂದು ಹತ್ತು ಯೂರೋ ಜಾಸ್ತಿ ಆದ್ರೂ ಸರಿ.