ರಾತ್ರಿ ಒಲೆಗೆ ಬೂದಿ ಮುಚ್ಚುವ ಬಗೆ

ಮೊನ್ನೆ ಮೊಮ್ಮಗಳು ಮಲಗುವ ಮುಂಚೆ ಒಲೆಗೆ ನೀರು ಚಿಮುಕಿಸಿದಳು. ಬೆಳಿಗ್ಗೆ ಬೆಂಕಿಪೊಟ್ಟಣ, ಹಳೇ ಪೇಪರು, ಮನೆ ತುಂಬ ಹೊಗೆ. ಬೆಂಕಿಗೆ ನೀರು ಹಾಕ್ತಾರಾ ಯಾರಾದರೂ?

ನಾನು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪಕ್ಕೆ ಬಂದಾಗ ಪಕ್ಕದ ಮನೆ ಅಜ್ಜಿ ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಬೆಳಗಿನವರೆಗೆ ಆರದಂತೆ ಇಡುವುದನ್ನು ಕಲಿಸಿದರು. ಅವರು ಬೆಳೆದದ್ದು ದಪ್ಪ ಕಲ್ಲುಗೋಡೆ, ಹುಲ್ಲು ಮಾಡಿನ ಮನೆಯಲ್ಲಿ. ನೆಲದ ನಡುವೆ ಬೆಂಕಿ, ಮೇಲಿನಿಂದ ಇಳಿಬಿಟ್ಟ ಸರಪಳಿ, ಅದಕ್ಕೆ ಮೂರು ಕಾಲಿನ ಕಬ್ಬಿಣದ ಪಾತ್ರೆ. ಚಿಮಣಿ ಇಲ್ಲ. ಈ ದ್ವೀಪದ ಆರ್ನಾಲ್ ಹಳ್ಳಿಯಲ್ಲಿ ಅಂಥದೊಂದು ಮನೆಯಲ್ಲಿ 1966ರ ತನಕ ಜನ ವಾಸವಿದ್ದರು. ಈಗಲೂ ಹೋಗಿ ನೋಡಬಹುದು.

ಇಲ್ಲಿನ ಗೇಲಿಕ್ ಭಾಷೆಯಲ್ಲಿ ಹೀಗೆ ಬೂದಿ ಮುಚ್ಚುವುದಕ್ಕೆ ಸ್ಮಾಲಗ್ ಅನ್ನುತ್ತಾರೆ. ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ, ಅದೇ. ಮೊದಲು ಪೀಟ್ ಹೆಂಟೆ ಆರಿಸಿ. ಪೀಟ್ ಅಂದರೆ ಜೌಗಿನಲ್ಲಿ ಗಿಡಗಂಟಿ ಕೊಳೆತು ಆದ ಮಣ್ಣು, ಒಣಗಿಸಿ ಸೌದೆಯ ಹಾಗೆ ಉರಿಸುತ್ತಾರೆ. ಜೌಗು ನೆಲದ ತಳದಿಂದ ಕೊಯ್ದ ಕಪ್ಪನೆಯದೇ ಬೇಕು. ಮೇಲಿನ ಕಂದು ನಾರು ಹೆಂಟೆ ಬೇಗ ಉರಿದು ಹೋಗುತ್ತದೆ. ಮೇ ತಿಂಗಳಲ್ಲಿ ಕೊಯ್ದು ಬಿಸಿಲು ಗಾಳಿಗೆ ಚೆನ್ನಾಗಿ ಒಣಗಿರಬೇಕು. ತಟ್ಟಿದರೆ ಟಕ್ ಅನ್ನಬೇಕು, ಮೆತ್ತಗಿದ್ದರೆ ಮುಟ್ಟಬೇಡಿ.

ಈಗ ಕೆಂಡವನ್ನು ಚಿಮಟದಿಂದ ದುಂಡಗೆ ಹರಡಿ. ನಡುವೆ ಒಂದು ಸಣ್ಣ ಗುಪ್ಪೆ ಇರಲಿ. ಸುತ್ತಲಿನದನ್ನು ಮೂರು ಪಾಲು ಮಾಡಿ. ಪಾಲು ಪಾಲಿನ ನಡುವೆ ಒಂದೊಂದು ಹೆಂಟೆ ಇಡಿ, ಅದರ ತುದಿ ನಡುವಿನ ಗುಪ್ಪೆಗೆ ತಾಗಲೇಬೇಕು. ತಾಗದಿದ್ದರೆ ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ. ಹಳೆಯ ಹೆಂಗಸರು ಮೂರು ಹೆಂಟೆಯನ್ನೂ ದೇವರ ಹೆಸರು ಹೇಳಿಯೇ ಇಡುತ್ತಿದ್ದರಂತೆ. ಕೊನೆಗೆ ಬೂದಿ. ಸುರಿಯಬೇಡಿ, ಮಗುವಿಗೆ ಹೊದಿಸುವ ಹಾಗೆ ಹೊದಿಸಿ. ಕೆಂಪು ಕಾಣಬಾರದು, ಬೂದಿಗಿಂತ ಸ್ವಲ್ಪ ಮೇಲೆ ಅಂಗೈ ಹಿಡಿದರೆ ಬಿಸಿ ಮಾತ್ರ ಗೊತ್ತಾಗಬೇಕು. ಬೂದಿ ಕಡಿಮೆಯಾದರೆ ಕೆಂಡ ಉರಿದು ಹೋಗುತ್ತದೆ, ಜಾಸ್ತಿಯಾದರೆ ಕೆಂಡಕ್ಕೆ ಉಸಿರು ಕಟ್ಟುತ್ತದೆ.

ಮಲಗುವ ಕೋಣೆಯಲ್ಲಿ ಮಾತ್ರ ಇದು ಬೇಡವೇ ಬೇಡ. ಈಗಿನ ಮನೆಗಳು ಬಿಗಿ, ಕೆಂಡದ ವಿಷಗಾಳಿ ಒಳಗೇ ನಿಲ್ಲುತ್ತದೆ. ಚಿಮಣಿ ಹೊಗೆ ಎಳೆಯಬೇಕು, ಗಾಳಿ ಬರುವ ದಾರಿ ತೆರೆದಿರಬೇಕು.

  

ಬೆಳಿಗ್ಗೆ ಬೂದಿ ಸರಿಸಿ, ಕೆಂಡ ಕೆಂಪಗೆ ಕಂಡ ಮೇಲೆ ಒಣ ಹೆಂಟೆ ಚೂರು ಇಟ್ಟು ಮೆಲ್ಲಗೆ ಊದಿ. ಬೂದಿಯನ್ನೆಲ್ಲ ಬಳಿದು ಹೊರಗೆ ಚೆಲ್ಲಬೇಡಿ, ರಾತ್ರಿಗೆ ನಾಲ್ಕು ಬೊಗಸೆ ಉಳಿಸಿ.