ಆಂಪ್ಲಿಫೈಯರ್‌ಗೆ ಮೊದಲ ಸಲ ಕರೆಂಟ್ ಕೊಡುವಾಗ ನಡುವೆ ಬಲ್ಬ್ ಇರಲಿ

ವಿಜಯಪುರ, ಬಾಗಲಕೋಟಿ ಕಡೆ ಮನೆಗೆ ಆಂಪ್ಲಿಫೈಯರ್ ಅಸೆಂಬಲ್ ಮಾಡಿಸಿದವರು, ರಿಪೇರಿ ಮಾಡಿಸಿ ತಂದವರು ಮೊದಲ ಸಲ ಅದನ್ನ ನೇರ ಪ್ಲಗ್ಗಿಗೆ ಹಚ್ಚಬ್ಯಾಡ್ರಿ. ಫೇಸ್ ವೈರಿನಲ್ಲಿ 100 ವ್ಯಾಟಿನ ಹಳೇ ತಂತಿ ಬಲ್ಬ್ ಸೀರೀಸ್ ಹಾಕ್ರಿ, ಅಂದ್ರ ಕರೆಂಟ್ ಬಲ್ಬಿನ ಮೂಲಕವೇ ಆಂಪ್ಲಿಫೈಯರಿಗೆ ಹೋಗಬೇಕು. ಸ್ಪೀಕರ್ ಬಿಚ್ಚಿಡ್ರಿ, ವಾಲ್ಯೂಮ್ ಸೊನ್ನೆಗೆ ಇರಲಿ. ಬಲ್ಬ್ ಒಮ್ಮೆ ಭಗ್ ಅಂತ ಹೊತ್ತಿ ಮಂದವಾದರೆ ಸರಿ, ಅದು ಒಳಗಿನ ಕೆಪಾಸಿಟರ್ (ವಿದ್ಯುತ್ ಕೂಡಿಡುವ ಭಾಗ) ತುಂಬಿಕೊಂಡದ್ದು. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಐತಿ, ಕೂಡಲೇ ಪ್ಲಗ್ ಕೀಳ್ರಿ. ಬಲ್ಬಿನ ತಂತಿ ಕಾದಂತೆ ಅದರ ರೋಧ ಏರುತ್ತದೆ. ಕರೆಂಟ್ ಹೆಚ್ಚುಕಡಿಮೆ ಅರ್ಧ ಆಂಪಿಯರ್ ಒಳಗೇ ನಿಲ್ಲುತ್ತದೆ. ಹಂಗಾಗಿ ಟ್ರಾನ್ಸ್‌ಫಾರ್ಮರ್, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡೋ ಮೊದಲೇ ದೋಷ ಕಣ್ಣಿಗೆ ಕಾಣುತ್ತದೆ. ಎಲ್‌ಇಡಿ, ಸಿಎಫ್‌ಎಲ್ ಬಲ್ಬ್ ಇದಕ್ಕೆ ನಡಿಯೂದಿಲ್ಲ. ಎಸ್‌ಎಂಪಿಎಸ್ (ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲು ಸ್ವಿಚಿಂಗ್ ಸರ್ಕ್ಯೂಟಿನ ಪವರ್ ಸಪ್ಲೈ) ಇರುವ ಆಂಪ್ಲಿಫೈಯರಿನಲ್ಲಿ ದೋಷ ಇಲ್ಲದಿದ್ದರೂ ಬಲ್ಬ್ ಮಿಣುಕುತ್ತಲೇ ಇರಬಹುದು, ಅಲ್ಲಿ ಇದನ್ನ ನಂಬಬ್ಯಾಡ್ರಿ. ಲೋಡ್ ಬಿದ್ದಾಗ, ಅಂದ್ರ ಸ್ಪೀಕರ್ ಹಚ್ಚಿ ಜೋರಾಗಿ ನುಡಿಸಿದಾಗ ಮಾತ್ರ ಕಾಣುವ ದೋಷವೂ ಇದರಲ್ಲಿ ಸಿಗೂದಿಲ್ಲ. ಮುಖ್ಯವಾಗಿ, ಬಲ್ಬ್ ಶಾಕ್‌ನಿಂದ ಕಾಯೂದಿಲ್ಲ, ಒಳಗೆ ಕೈ ಹಾಕಬ್ಯಾಡ್ರಿ. ಅರ್ಥಿಂಗ್ ವೈರ್ ಬಲ್ಬಿನ ಮೂಲಕ ಅಲ್ಲ, ಮೂರು ಪಿನ್ ಪ್ಲಗ್ಗಿನಿಂದ ನೇರ ಆಂಪ್ಲಿಫೈಯರಿನ ಲೋಹದ ಡಬ್ಬಿಗೆ ಹೋಗಬೇಕು. ಪರೀಕ್ಷೆ ಮುಗಿದ ಮೇಲೆ ಬಲ್ಬ್ ತೆಗೆದೇ ಹಾಡು ಹಚ್ಚ್ರಿ.